ಕೊಳಚೆಯ ಒಡಲಲ್ಲಿ ಅಡಗಿರುವ ಮಿಂಚು

ಬೆಳಿಗ್ಗೆ ಎದ್ದು ಮುಖ ತೊಳೆದು, ಸ್ನಾನ ಮುಗಿಸಿ, ಪಾತ್ರೆ ಬೆಳಗಿದ ನೀರನ್ನು ಮೋರಿಗೆ ಬಿಟ್ಟೊಡನೆ ನಮ್ಮ ಮಟ್ಟಿಗೆ ಆ ನೀರಿನ ಕಥೆ ಮುಗಿಯಿತು. ಅದು ಎಲ್ಲಿಗೆ ಹೋಯಿತು, ಏನಾಯಿತು ಎಂದು ವಿಚಾರಿಸುವವರು ವಿರಳ. ಊರ ಹೊರಗೆ ಅದರ ದರ್ಶನವಾದರೆ ಮೂಗು ಮುಚ್ಚಿಕೊಂಡು ಸರಸರನೆ ಮುಂದೆ ಸಾಗುವುದೇ ನಾಗರಿಕರ ಲಕ್ಷಣವೆಂದು ನಾವೆಲ್ಲ ಭಾವಿಸಿದ್ದೇವೆ.

ಆದರೆ ನಾವು ಬಿಟ್ಟ ನೀರು ನಮ್ಮನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನೇ ನೋಡಿರಿ. 2015ರಲ್ಲಿ ಅದು ಹಿಮದ ರಾಶಿಯಂತೆ ನೊರೆಯನ್ನು ಉಕ್ಕಿಸಿ ರಸ್ತೆಗೆ ಚೆಲ್ಲಿತು, ಹೊತ್ತಿಕೊಂಡೂ ಉರಿಯಿತು. 2017ರಲ್ಲಿ, ಮತ್ತೆ 2018ರಲ್ಲಿ ಕೆರೆಯಂಗಳದಿಂದ ಹೊಗೆಯೆದ್ದಿತು. ಕೆರೆಗೆ ಬೆಂಕಿ ಬಿದ್ದಿತೆಂದು ಹೇಳಿದ್ದರೆ ನಮ್ಮ ಅಜ್ಜಂದಿರು ಹೇಳಿದವನ ತಲೆ ಸರಿಯಿಲ್ಲವೆಂದು ನಗುತ್ತಿದ್ದರು. ಇಂದು ನಗುವವರಾರು?

ಕೊಳಚೆಯಲ್ಲಿ ಬೆಂಕಿಯಿದೆ ಎಂಬುದು ವಿಜ್ಞಾನಕ್ಕೆ ಹೊಸ ಸಂಗತಿಯೇನೂ ಅಲ್ಲ. ಆ ಬೆಂಕಿ ನಮ್ಮ ಕಣ್ಣೆದುರು ವ್ಯರ್ಥವಾಗಿ ಉರಿಯಬೇಕೆ, ಅಥವಾ ನಮ್ಮ ಕೈಕೆಲಸಕ್ಕೆ ಒದಗಬೇಕೆ ಎಂಬುದಷ್ಟೇ ಪ್ರಶ್ನೆ.

ಕೊಳಚೆ ನೀರನ್ನು ಶುದ್ಧಗೊಳಿಸುವ ಸ್ಥಾವರವೊಂದನ್ನು ಮನಸ್ಸಿಗೆ ತಂದುಕೊಳ್ಳೋಣ. ಅಲ್ಲಿ ನೀರಿನೊಳಕ್ಕೆ ಹಗಲಿರುಳೂ ಗಾಳಿಯೂದಬೇಕು. ಹಾಗೆ ಊದಿದರೆ ಮಾತ್ರ ಕಲ್ಮಶವನ್ನು ತಿಂದು ಕರಗಿಸುವ ಸೂಕ್ಷ್ಮಾಣುಗಳಿಗೆ ಉಸಿರು. ಸ್ಥಾವರವು ಬಳಸುವ ವಿದ್ಯುತ್ತಿನಲ್ಲಿ ಬಹುಮಟ್ಟಿಗೆ ಅರ್ಧದಷ್ಟು ಈ ಒಂದು ಕೆಲಸಕ್ಕೇ ಸಲ್ಲುತ್ತದೆ. ವಿದ್ಯುತ್ತು ಬಹಳ ಹೊತ್ತು ಹೋಯಿತೆಂದರೆ ಆ ಜೀವಿಗಳಿಗೆ ಉಸಿರು ಕಟ್ಟುತ್ತದೆ. ಅರೆಬರೆ ಶುದ್ಧವಾದ ನೀರು ಮುಂದಿನ ಕೆರೆಗೋ ಹೊಳೆಗೋ ಇಳಿಯುತ್ತದೆ. ಅದರ ಫಲವನ್ನು ಉಣ್ಣುವವರು ಕೆಳದಂಡೆಯ ಹಳ್ಳಿಗರು. ನೀರು ಬಿಟ್ಟ ನಾವಲ್ಲ.

ಇತ್ತ, ತಳದಲ್ಲಿ ನಿಂತ ಗಸಿಯನ್ನು ಗಾಳಿಯಾಡದ ದೊಡ್ಡ ತೊಟ್ಟಿಯಲ್ಲಿ ಸುಮಾರು 35 ಡಿಗ್ರಿ ಉಷ್ಣದಲ್ಲಿ ಎರಡು ಮೂರು ವಾರ ಮುಚ್ಚಿಟ್ಟರೆ, ಗಾಳಿಯನ್ನು ಸಹಿಸದ ಬೇರೊಂದು ಜಾತಿಯ ಸೂಕ್ಷ್ಮಾಣುಗಳು ಅದನ್ನು ಹುದುಗಿಸಿ ಅನಿಲವನ್ನು ಹೊರಗೆಡಹುತ್ತವೆ. ಅದರಲ್ಲಿ ನೂರಕ್ಕೆ ಸುಮಾರು 60 ಪಾಲು ಮೀಥೇನ್; ಉಳಿದುದು ಹೆಚ್ಚಾಗಿ ಇಂಗಾಲಾಮ್ಲ. ನಮ್ಮ ಹಳ್ಳಿಗಳ ಗೊಬ್ಬರದ ಅನಿಲವೂ ಇದೇ ಕುಲದ್ದು. ಇಂಗ್ಲೆಂಡಿನ ಎಕ್ಸೆಟರ್ ಪಟ್ಟಣದಲ್ಲಿ 1890ರ ದಶಕದಲ್ಲಿಯೇ ಈ ಅನಿಲದಿಂದ ದೀಪ ಬೆಳಗಿಸಿದರು. ಆದರೂ ಇಂದಿಗೂ ಎಷ್ಟೋ ಸ್ಥಾವರಗಳಲ್ಲಿ ಅದನ್ನು ಕೊಳವೆಯ ತುದಿಯಲ್ಲಿ ಸುಮ್ಮನೆ ಸುಟ್ಟುಬಿಡುತ್ತಾರೆ. ಮನೆಯ ತುಪ್ಪವನ್ನು ಬೂದಿಗೆ ಸುರಿದು, ನೆರೆಮನೆಯಿಂದ ಎಣ್ಣೆ ಸಾಲ ತಂದಂತಾಯಿತಲ್ಲವೆ?

ಅನಿಲವನ್ನು ಎಂಜಿನ್ನಿನಲ್ಲಿ ಉರಿಸಿ ವಿದ್ಯುತ್ತನ್ನು ಪಡೆಯಬಹುದು. ಹಾಗೆ ಮಾಡುತ್ತಲೂ ಇದ್ದಾರೆ. ಆದರೆ ಎಂಜಿನ್ನಿನಲ್ಲಿ ಇಂಧನ ಮೊದಲು ಶಾಖವಾಗಬೇಕು, ಶಾಖ ಚಲನೆಯಾಗಬೇಕು, ಚಲನೆ ವಿದ್ಯುತ್ತಾಗಬೇಕು. ಮೂರು ಕೈ ಬದಲಾಗುವಷ್ಟರಲ್ಲಿ ಬಂಡವಾಳದ ಮೂರರಲ್ಲಿ ಎರಡು ಪಾಲು ಸೋರಿಹೋಗಿರುತ್ತದೆ. ಈ ದಲ್ಲಾಳಿಗಳನ್ನೆಲ್ಲ ದೂರವಿಟ್ಟು, ಇಂಧನದಿಂದ ನೇರವಾಗಿ ವಿದ್ಯುತ್ತನ್ನು ಪಡೆಯುವ ಸಾಧನವೇ ಇಂಧನ ಕೋಶ.

ಇದನ್ನು ಕಂಡವನು ವಿಲಿಯಂ ಗ್ರೋವ್ ಎಂಬ ವೇಲ್ಸ್ ದೇಶೀಯ. ವೃತ್ತಿಯಿಂದ ವಕೀಲ, ಮುಂದೆ ನ್ಯಾಯಾಧೀಶ, ಪ್ರವೃತ್ತಿಯಿಂದ ವಿಜ್ಞಾನಿ. ವಿದ್ಯುತ್ತು ನೀರನ್ನು ಜಲಜನಕ, ಆಮ್ಲಜನಕಗಳಾಗಿ ಒಡೆಯಬಲ್ಲುದಾದರೆ, ಅವೆರಡು ಮತ್ತೆ ಕೂಡುವಾಗ ವಿದ್ಯುತ್ತು ಮರಳಿ ಬರಬೇಕಲ್ಲವೆ ಎಂಬುದು ಅವನ ತರ್ಕ. 1842ರಲ್ಲಿ ಅವನು ತನ್ನ ಅನಿಲದ ಬ್ಯಾಟರಿಯನ್ನು ಲೋಕಕ್ಕೆ ತೋರಿಸಿದನು. ಆ ಬಳಿಕ ನೂರು ವರ್ಷಕ್ಕೂ ಮೀರಿ ಅದು ಬಹುಪಾಲು ಪ್ರಯೋಗಶಾಲೆಯ ಕೌತುಕವಾಗಿಯೇ ಉಳಿಯಿತು. ಅದಕ್ಕೆ ಭಾಗ್ಯೋದಯವಾದುದು ಆಕಾಶದಲ್ಲಿ: 1965ರಲ್ಲಿ ಜೆಮಿನಿ 5 ನೌಕೆಗೆ ವಿದ್ಯುತ್ತನ್ನು ಒದಗಿಸಿದುದು ಇಂಧನ ಕೋಶವೇ. ಚಂದ್ರಯಾತ್ರೆಯ ಅಪೋಲೊ ನೌಕೆಗಳಲ್ಲಿ ಅದು ವಿದ್ಯುತ್ತಿನೊಂದಿಗೆ ಕುಡಿಯುವ ನೀರನ್ನೂ ಕೊಟ್ಟಿತು.

ಚಂದ್ರಲೋಕದಿಂದ ಚರಂಡಿಗೆ! ಇಳಿಕೆಯೆಂದು ವಾಚಕರು ಹೇಳಬಹುದು. ನಾನು ಏರಿಕೆಯೆಂದೇ ಹೇಳುತ್ತೇನೆ. ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ರೆಂಟನ್ ಎಂಬಲ್ಲಿಯ ಕೊಳಚೆ ಸ್ಥಾವರದಲ್ಲಿ 2004ರಲ್ಲಿ 1 ಮೆಗಾವಾಟ್ ಸಾಮರ್ಥ್ಯದ ಇಂಧನ ಕೋಶವನ್ನು ನಡೆಸತೊಡಗಿದರು. ಇದರೊಳಗೆ ಇರುವುದು ಕರಗಿದ ಕಾರ್ಬೊನೇಟ್ ಲವಣ. ಅದರ ಕಾವು ಸುಮಾರು 650 ಡಿಗ್ರಿ. ಆ ಕಾವಿನಲ್ಲಿ ಮೀಥೇನ್ ನೀರಿನ ಹಬೆಯೊಡನೆ ಬೆರೆತು ಜಲಜನಕವನ್ನು ಬಿಟ್ಟುಕೊಡುತ್ತದೆ. ಕೋಶದ ಒಳಗೆ ವಿದ್ಯುತ್ತಿನ ಆವೇಶವನ್ನು ಒಂದು ದಡದಿಂದ ಇನ್ನೊಂದು ದಡಕ್ಕೆ ಹೊರುವ ಅಂಬಿಗನೇ ಕಾರ್ಬೊನೇಟ್ ಆಗಿರುವುದರಿಂದ, ಕೊಳಚೆಯ ಅನಿಲದಲ್ಲಿರುವ ಇಂಗಾಲಾಮ್ಲ ಇಲ್ಲಿ ಶತ್ರುವಲ್ಲ, ಮನೆಯವನೇ. ಇಂಧನದ ಶಕ್ತಿಯಲ್ಲಿ ಅರ್ಧಕ್ಕೆ ತುಸು ಕಡಿಮೆ ಭಾಗ ವಿದ್ಯುತ್ತಾಗಿ ದೊರೆಯುತ್ತದೆ. ಉಳಿದ ಶಾಖದಲ್ಲಿ ಗಸಿಯ ತೊಟ್ಟಿಯನ್ನು ಬೆಚ್ಚಗಿಡಬಹುದು. ಉರಿಯಿಲ್ಲವಾದ್ದರಿಂದ ಹೊಗೆಯ ಕಾಟವೂ ಅತ್ಯಲ್ಪ. ಮುಂದೆ 2011ರಲ್ಲಿ ಕ್ಯಾಲಿಫೋರ್ನಿಯದ ಫೌಂಟನ್ ವ್ಯಾಲಿಯ ಸ್ಥಾವರದಲ್ಲಿ ಇಂಥದೇ ಕೋಶದಿಂದ ವಿದ್ಯುತ್ತು, ಶಾಖ ಎರಡನ್ನೂ ಪಡೆದುದಲ್ಲದೆ, ಮೋಟಾರು ವಾಹನಗಳಿಗೆ ಜಲಜನಕವನ್ನೂ ತುಂಬಿದರು.

ಇಷ್ಟೆಲ್ಲ ಸೊಗಸಾಗಿದ್ದರೆ ಊರೂರಿಗೂ ಏಕೆ ಬಂದಿಲ್ಲ? ಇಂಧನ ಕೋಶ ಬಹು ಸುಕುಮಾರಿ. ಕೊಳಚೆಯ ಅನಿಲದಲ್ಲಿ ಬೆರೆತಿರುವ ಗಂಧಕದ ಲೇಶವೂ ಅದಕ್ಕೆ ವಿಷ. ಅದಕ್ಕಿಂತ ವಿಚಿತ್ರವಾದ ಇನ್ನೊಂದು ವೈರಿಯಿದೆ. ತಲೆಕೂದಲು ನುಣುಪಾಗಲೆಂದು ನಾವು ಹಚ್ಚಿಕೊಳ್ಳುವ ಶಾಂಪೂ, ಮುಖದ ಲೇಪನ ಮುಂತಾದವುಗಳಲ್ಲಿರುವ ಸಿಲಾಕ್ಸೇನ್ ಎಂಬ ದ್ರವ್ಯಗಳು ಮೋರಿಯ ಮೂಲಕ ಗಸಿಗೆ, ಗಸಿಯಿಂದ ಅನಿಲಕ್ಕೆ ಸೇರಿ, ಕಡೆಗೆ ಯಂತ್ರದೊಳಗೆ ಮರಳಿನ ಸೂಕ್ಷ್ಮ ಪುಡಿಯಾಗಿ ಕೂರುತ್ತವೆ. ಹೀಗೆ ನಮ್ಮ ಶೃಂಗಾರವೇ ಯಂತ್ರಕ್ಕೆ ಸಂಹಾರ! ಇವನ್ನೆಲ್ಲ ಸೋಸಿ ತೆಗೆಯುವ ವೆಚ್ಚ, ಕೆಲವು ವರ್ಷಗಳಿಗೊಮ್ಮೆ ಕೋಶದ ಒಡಲನ್ನೇ ಬದಲಾಯಿಸುವ ವೆಚ್ಚ ಸೇರಿದಾಗ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ರೆಂಟನ್ನಿನ ಕೋಶ ಪ್ರಯೋಗವಾಗಿ ಸಾರ್ಥಕವಾಯಿತು. ಕಾಯಮ್ಮಿನ ಏರ್ಪಾಡಾಗಿ ನೆಲೆನಿಲ್ಲಲಿಲ್ಲ.

ಈ ಸಂದರ್ಭದಲ್ಲಿ ನಮ್ಮವರೇ ಒಬ್ಬರು ನೆನಪಾಗುತ್ತಾರೆ. ಬೆಂಗಳೂರಿನ ಡಾ. ಅಮೂಲ್ಯ ರೆಡ್ಡಿಯವರು ವಿದ್ಯುದ್ರಸಾಯನದಲ್ಲಿ ಲೋಕಪ್ರಸಿದ್ಧರು. ಬಾಕ್ರಿಸ್ ಅವರೊಡಗೂಡಿ ಅವರು ಬರೆದ, 1970ರಲ್ಲಿ ಪ್ರಕಟವಾದ ಗ್ರಂಥವನ್ನು ಆ ಶಾಸ್ತ್ರದ ವಿದ್ಯಾರ್ಥಿಗಳು ದೇಶದೇಶಗಳಲ್ಲಿ ಓದಿದರು. ಇಂಧನ ಕೋಶದ ಶಾಸ್ತ್ರವೆಂದರೆ ಅದೇ. ಅಂಥವರು 1974ರಲ್ಲಿ ಭಾರತೀಯ ವಿಜ್ಞಾನ ಮಂದಿರದಲ್ಲಿ 'ಅಸ್ತ್ರ' ಎಂಬ ಕೇಂದ್ರವನ್ನು ಕಟ್ಟಿ ಹಳ್ಳಿಯ ಕಡೆಗೆ ಮುಖ ತಿರುಗಿಸಿದರು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರೊಟ್ಟಿನ ಸಗಣಿ ಅನಿಲದ ಸ್ಥಾವರ ಎದ್ದಿತು. ಮೊದಲು ಅಡಿಗೆಗೆಂದು ಯೋಚಿಸಿದರು, ಸಗಣಿ ಸಾಲದಾಯಿತು. ಆಗ ಜನರೊಡನೆ ಕುಳಿತು ಲೆಕ್ಕ ಹಾಕಿ, 1987ರಿಂದ ಅದೇ ಅನಿಲದಲ್ಲಿ ಸಾಮಾನ್ಯ ಡೀಸೆಲ್ ಎಂಜಿನ್ನೊಂದನ್ನು ಓಡಿಸಿ ಮನೆಗಳಿಗೆ ದೀಪವನ್ನೂ ಕೊಳವೆಬಾವಿಯ ನೀರನ್ನೂ ಕೊಟ್ಟರು. ಗಸಿ ಗೊಬ್ಬರವಾಗಿ ಸಗಣಿ ತಂದವರ ಮನೆಗೇ ಮರಳಿತು. ಅತ್ಯಂತ ನಾಜೂಕಾದ ಯಂತ್ರದ ಶಾಸ್ತ್ರ ಬಲ್ಲವರು, ಹಳ್ಳಿಯವನೇ ಬಿಚ್ಚಿ ಸರಿಪಡಿಸಬಲ್ಲ ಯಂತ್ರವನ್ನು ಆರಿಸಿದರು. ಇದು ಜ್ಞಾನದ ಕೊರತೆಯಲ್ಲ, ವಿವೇಕ.

ಆದುದರಿಂದ ಇಂಧನ ಕೋಶವೇ, ಎಂಜಿನ್ನೇ ಎಂಬ ಚರ್ಚೆ ಎರಡನೆಯದು. ಗಸಿಯ ತೊಟ್ಟಿಗೆ ಮುಚ್ಚಳ ಹಾಕಿ ಅನಿಲವನ್ನು ಹಿಡಿಯುವುದು ಮೊದಲನೆಯದು. ಹಿಡಿಯದೆ ಬಿಟ್ಟ ಮೀಥೇನ್, ನೂರು ವರ್ಷಗಳ ಲೆಕ್ಕದಲ್ಲಿ, ಅದೇ ತೂಕದ ಇಂಗಾಲಾಮ್ಲಕ್ಕಿಂತ ಸುಮಾರು 28 ಪಟ್ಟು ಹೆಚ್ಚಾಗಿ ಭೂಮಿಯನ್ನು ಕಾಯಿಸುತ್ತದೆ. ಹಿಡಿದರೆ, ಕೊಳಚೆ ನೀರು ತನ್ನನ್ನು ತೊಳೆದುಕೊಳ್ಳುವ ಖರ್ಚಿನಲ್ಲಿ ಒಳ್ಳೆಯ ಪಾಲನ್ನು ತಾನೇ ದುಡಿದು ಕೊಡುತ್ತದೆ. ಅಗ್ಗವಾಗಿ, ಗಟ್ಟಿಮುಟ್ಟಾಗಿ ಕೋಶ ಬಂದ ದಿನ ಅದನ್ನು ತಂದು ಕೂರಿಸಲು ಅಡ್ಡಿಯೇನು?

ನಾಳೆ ಬೆಳಿಗ್ಗೆ ಬಚ್ಚಲಿನ ನೀರು ಗುಳುಗುಳು ಎಂದು ಇಳಿಯುವಾಗ ಒಂದು ಕ್ಷಣ ನಿಂತು ಕೇಳಿರಿ. ಅದರೊಡನೆ ಒಂದಿಷ್ಟು ಬೆಳಕೂ ಇಳಿದುಹೋಗುತ್ತಿದೆ. ಅದು ಕೆಳದಂಡೆಯವರ ಮನೆಗೆ ದೀಪವಾಗಿ ಹೋಗಬೇಕೆ, ಬೆಂಕಿಯಾಗಿ ಹೋಗಬೇಕೆ? ಮೂಗು ಮುಚ್ಚಿಕೊಂಡವರಿಗೂ ಕಿವಿ ತೆರೆದೇ ಇರುತ್ತದಷ್ಟೆ!