ಪೊರಕೆಗೆ ವಾರಸುದಾರರು ಬೇಕಿಲ್ಲ

"ಓದಿದವರೆಲ್ಲ ಪೊರಕೆ ಬಿಟ್ಟರೆ ಊರು ಗುಡಿಸೋರು ಯಾರಪ್ಪಾ?" ಎಂದು ಕೇಳುವವರು ನಮ್ಮಲ್ಲಿ ದಂಡಿಯಾಗಿದ್ದಾರೆ. ಕೇಳುವಾಗ ಅವರ ದನಿಯಲ್ಲಿ ದ್ವೇಷ ಇರುವುದಿಲ್ಲ, ಊರಿನ ಬಗ್ಗೆ ಕಾಳಜಿ ಇರುತ್ತದೆ. ನನ್ನ ಹೊಟ್ಟೆ ಉರಿಸುವುದು ಆ ಕಾಳಜಿಯೇ. ಸಾಫ್ಟ್‌ವೇರ್ ಕೆಲಸ ಬಿಟ್ಟು ದಾಳಿಂಬೆ ತೋಟ ಮಾಡಿದವನ ಫೋಟೊ ಭಾನುವಾರದ ಪುರವಣಿಯಲ್ಲಿ ಬರುತ್ತದೆ. ವಕೀಲರ ಮಗ ಸಿನಿಮಾ ಮಾಡಲು ಹೊರಟರೆ ಧೈರ್ಯವಂತ ಎಂದು ಬೆನ್ನು ತಟ್ಟುತ್ತಾರೆ. ಪೌರಕಾರ್ಮಿಕರ ಮನೆಯ ಹುಡುಗ ನನಗೆ ಈ ಕೆಲಸ ಬೇಡ ಎಂದ ತಕ್ಷಣ ಮಾತ್ರ ಇಡೀ ಬೀದಿಗೆ ಕಸದ ಚಿಂತೆ ಹತ್ತಿಕೊಳ್ಳುತ್ತದೆ. ಬದುಕು ಬದಲಿಸಿಕೊಳ್ಳುವುದು ಅವರಿಗೆ ಸಾಧನೆ, ನಮ್ಮ ಕೇರಿಯವರಿಗೆ ಸೊಕ್ಕು.

ಹುಟ್ಟಿದವರನ್ನು ಕಸುಬಿಗೆ ಕಟ್ಟಿಹಾಕುವ ಹಗ್ಗ ನಿನ್ನೆ ಮೊನ್ನೆ ಹೊಸೆದದ್ದಲ್ಲ. ಊರ ಚಾಕರಿಗೆ ತೋಟಿ, ತಳವಾರ ಎಂದು ಒಂದೊಂದು ಮನೆತನವನ್ನೇ ಬರೆದಿಟ್ಟಿದ್ದರು. ಬದಲಿಗೆ ತುಂಡು ಇನಾಂ ಭೂಮಿ, ಸುಗ್ಗಿಯಲ್ಲಿ ಒಂದಿಷ್ಟು ಆಯ. ಭೂಮಿ ಉಳಿಯಬೇಕೆಂದರೆ ಚಾಕರಿ ಬಿಡುವಂತಿಲ್ಲ. ಬಾಬಾಸಾಹೇಬ್ ಅಂಬೇಡ್ಕರರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಮಹಾರ್ ವತನದ, ಅಂದರೆ ಮಹಾರರಿಗೆ ಇಂಥದೇ ಚಾಕರಿಗೆ ಕೊಟ್ಟ ಭೂಮಿಯ, ಮೇಲೆ ಮಸೂದೆ ತಂದದ್ದು ಈ ಗಂಟನ್ನು ಬಿಚ್ಚಲೆಂದೇ. ಆ ಚೂರು ನೆಲವೇ ತಮ್ಮ ಜನರನ್ನು ಹಗಲು ರಾತ್ರಿ ಊರ ಬಾಗಿಲಲ್ಲಿ ನಿಲ್ಲಿಸಿದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮಲ್ಲಿ 1961ರ ಕಾಯ್ದೆ ಇಂಥ ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು. ಹಳ್ಳಿಯಲ್ಲಿ ರದ್ದಾದದ್ದು ಪಟ್ಟಣದಲ್ಲಿ ಬೇರೆ ವೇಷದಲ್ಲಿ ಬಂದು ಕೂತಿದೆ. ಅಂದು ಇನಾಂ ಭೂಮಿ, ಇಂದು ಕ್ವಾರ್ಟರ್ಸ್. ಕೆಲಸ ಬಿಟ್ಟರೆ ತಲೆಯ ಮೇಲಿನ ಸೂರೂ ಹೋಗುತ್ತದೆ.

ನನಗೆ ಹತ್ತಿರದಿಂದ ಗೊತ್ತಿರುವ ಹುಡುಗನೊಬ್ಬ ಬಿ.ಕಾಂ. ಮುಗಿಸಿ ಟ್ಯಾಲಿ ಕಲಿತಿದ್ದ. ಕಾಯಂ ಪೌರಕಾರ್ಮಿಕನಾಗಿದ್ದ ಅಪ್ಪ ಸೇವೆಯಲ್ಲಿರುವಾಗಲೇ ತೀರಿಕೊಂಡ. ಅನುಕಂಪದ ನೌಕರಿಗೆ ಅರ್ಜಿ ಕೊಡಲು ಅವ್ವನ ಜೊತೆ ಆಫೀಸಿಗೆ ಹೋದ. ಟೇಬಲ್ಲಿನ ಆಚೆ ಕೂತವರು ಮರಣ ಪ್ರಮಾಣಪತ್ರ, ವಂಶವೃಕ್ಷ, ಜಾತಿ ಸರ್ಟಿಫಿಕೇಟು ಇಷ್ಟನ್ನೇ ಎಳೆದುಕೊಂಡರು. ಪ್ಲಾಸ್ಟಿಕ್ ಕವರಿನಲ್ಲಿದ್ದ ಅಂಕಪಟ್ಟಿಗಳನ್ನು ಕೈಯಲ್ಲೂ ಮುಟ್ಟಲಿಲ್ಲ. "ನಿಮ್ಮಪ್ಪನ ಜಾಗಾನೇ ಖಾಲಿ ಇದೆ, ಸುಮ್ನೆ ಬಂದು ಸೇರ್ಕೋ."

"ಸಾರ್, ನಂದು ಡಿಗ್ರಿ ಆಗಿದೆ."

"ಒಳ್ಳೇದೇ ಆಯ್ತಲ್ಲ. ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತೋದು ತಪ್ತು."

1996ರ ಅನುಕಂಪ ನೇಮಕಾತಿ ನಿಯಮಗಳು ಗ್ರೂಪ್ ಡಿ ಹುದ್ದೆಗಷ್ಟೇ ಅಲ್ಲ, ಗ್ರೂಪ್ ಸಿ ಹುದ್ದೆಗೂ ದಾರಿ ಬಿಟ್ಟಿವೆ. ಅದನ್ನು ಆ ತಾಯಿಗೆ ಹೇಳುವ ಒಂದು ನಾಲಿಗೆ ಆ ಕೋಣೆಯಲ್ಲಿರಲಿಲ್ಲ. ಹುಡುಗ ಸಹಿ ಹಾಕದೆ ಎದ್ದು ಬಂದ. ಅವ್ವ ಆಫೀಸಿನ ಮೆಟ್ಟಿಲ ಮೇಲೇ ಕುಸಿದು ಕೂತು ಬೈದಳು: "ಕೈಗೆ ಬಂದ ತುತ್ತು ಬಾಯಿಗೆ ಬರದಂಗೆ ಮಾಡಿದ್ಯಲ್ಲೋ!" ಅವಳ ಸಿಟ್ಟಿಗೆ ಕಾರಣವಿದೆ. ಕಾಯಂ ನೌಕರಿಗಾಗಿ ಅವಳ ಓಣಿಯ ಹೆಂಗಸರು ಮುದುಕಿಯರಾಗುವವರೆಗೆ ಕಾದಿದ್ದಾರೆ. 2022ರ ಜುಲೈನಲ್ಲಿ ಪೌರಕಾರ್ಮಿಕರು ಕೆಲಸ ನಿಲ್ಲಿಸಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತದ್ದೂ ಅದಕ್ಕಾಗಿಯೇ. ಆ ಹೋರಾಟ ಸರಿ, ಈ ಹುಡುಗನ ನಿರಾಕರಣೆಯೂ ಸರಿ. ಮಾಡುವವರಿಗೆ ಮರ್ಯಾದೆಯ ಸಂಬಳ ಬೇಕು, ಬೇಡವೆಂದವರಿಗೆ ಬಿಟ್ಟು ಹೋಗುವ ಹಕ್ಕು ಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ಕಸಿದುಕೊಳ್ಳುವ ಆಟ ನಡೆಯಕೂಡದು.

ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದ ಬೆಜವಾಡ ವಿಲ್ಸನ್ ಅವರ ಮನೆಯವರೂ ಮಲ ಬಾಚುತ್ತಿದ್ದವರೇ. ಚಿನ್ನ ತೆಗೆಯುತ್ತಿದ್ದ ಊರಿನಲ್ಲಿ ಅವರ ಪಾಲಿಗೆ ಬಂದದ್ದು ಬಕೀಟು. ಓದಿಕೊಂಡು ಉದ್ಯೋಗ ವಿನಿಮಯ ಕೇಂದ್ರಕ್ಕೆ ಹೋದಾಗ, ಬೇಕಾದ ಕೆಲಸ ಯಾವುದು ಎಂಬಲ್ಲಿ ತನ್ನನ್ನು ಕೇಳದೆಯೇ ಜಾತಿ ನೋಡಿ ಸ್ಕ್ಯಾವೆಂಜರ್ ಎಂದು ತುಂಬಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ತಾನೊಬ್ಬ ತಪ್ಪಿಸಿಕೊಂಡು ದೂರ ಹೋಗಿದ್ದರೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಹೋಗಲಿಲ್ಲ. ಗಣಿ ಕಾಲನಿಯ ಒಣ ಕಕ್ಕಸುಗಳು ಹೋಗುವವರೆಗೆ ಬೆನ್ನು ಬಿಡಲಿಲ್ಲ. ಅವರೂ ಸಂಗಾತಿಗಳೂ ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ಬಡಿಯಿತು. 2014ರಲ್ಲಿ ತೀರ್ಪು ಬಂತು: ಚರಂಡಿ ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ. 2023ರಲ್ಲಿ ಕೋರ್ಟು ಅದನ್ನು 30 ಲಕ್ಷಕ್ಕೆ ಏರಿಸಿತು. ಸಾಯದೆ, ಬದುಕಿರುವಾಗಲೇ ಬಕೀಟು ಎಸೆದು ಬೇರೆ ದಾರಿ ಹಿಡಿಯುತ್ತೇನೆ ಎಂದವರಿಗೆ ಪುನರ್ವಸತಿ ಯೋಜನೆ ಕೈಗಿಟ್ಟ ಒಂದು ಬಾರಿಯ ನಗದು ಎಷ್ಟು? 40,000 ರೂಪಾಯಿ! ಸಾಲ, ತರಬೇತಿ ಎಂದೆಲ್ಲ ಕಾಗದದಲ್ಲಿದೆ. ಜಾಮೀನು ಯಾರು ನಿಲ್ಲುತ್ತಾರೆ? ನಮ್ಮವರು ಹೋಟೆಲು ಇಟ್ಟರೆ ಒಳಗೆ ಬಂದು ಕೂತು ಇಡ್ಲಿ ತಿನ್ನುವವರು ಎಷ್ಟು ಜನ? ಕಸುಬು ಬಿಟ್ಟವನನ್ನು ಜಾತಿ ಬಿಡುವುದಿಲ್ಲ ಎಂಬುದನ್ನು ಯಾವ ಯೋಜನೆಯೂ ಲೆಕ್ಕಕ್ಕೆ ಹಿಡಿದಿಲ್ಲ.

ಇದರ ಮೇಲೆ ಕಾಯಕದ ಉಪದೇಶ ಬೇರೆ. ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನಾಚರಣೆಗೆ ಶಾಲು ಹೊದಿಸಿ, ಯಾವ ಕೆಲಸವೂ ಕೀಳಲ್ಲ ಎಂದು ಶರಣರ ಹೆಸರು ಹೇಳಿ ಹೋಗುತ್ತಾರೆ. ಯಾವ ಶರಣರು? ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಮಾಡಿ, ಆ ತಪ್ಪಿಗೆ ಕಲ್ಯಾಣದ ಬೀದಿಯಲ್ಲಿ ಕಟ್ಟಿ ಎಳೆದು ಕೊಲ್ಲುವ ಎಳೆಹೂಟೆ ಶಿಕ್ಷೆಗೆ ಗುರಿಯಾದವರು. ಹುಟ್ಟಿದಲ್ಲೇ ಬಿದ್ದಿರು ಎಂದು ಹೇಳಿದ್ದರೆ ಆ ಜೀವಗಳು ಹೋಗುತ್ತಿರಲಿಲ್ಲ. ಅವರ ಹೆಸರನ್ನು ನಮ್ಮ ಕೈಗೆ ಕೋಳ ಹಾಕಲು ಬಳಸಬೇಡಿ. ಕೆಲಸ ಅಷ್ಟು ದೊಡ್ಡದೆಂದು ನಂಬಿದ್ದರೆ ಈ ವರ್ಷದ ನೇಮಕಾತಿಗೆ ನಿಮ್ಮ ಮನೆಯ ಮಕ್ಕಳ ಅರ್ಜಿಯನ್ನೂ ಹಾಕಿಸಿ.

ಊರು ನಾರುತ್ತದೆ ಎಂದು ಹೆದರಿಸುವುದೂ ಸಾಕು. ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 70ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ನಾಡು ಕೊಳೆತು ಹೋಗಲಿಲ್ಲ. ಹೊರುವ ತಲೆ ಇಲ್ಲವೆಂದಾದರೆ ಒಳಚರಂಡಿ ಬರುತ್ತದೆ, ಜೆಟ್ಟಿಂಗ್ ಯಂತ್ರ ಬರುತ್ತದೆ. ಅಗ್ಗಕ್ಕೆ ತಲೆ ಸಿಗುವವರೆಗೆ ಯಾವ ಆಡಳಿತವೂ ಯಂತ್ರಕ್ಕೆ ದುಡ್ಡು ಬಿಚ್ಚುವುದಿಲ್ಲ.

ಆ ಹುಡುಗ ಈಗ ಹಗಲು ಗೊಬ್ಬರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ, ರಾತ್ರಿ ಎಫ್‌ಡಿಎ ಪರೀಕ್ಷೆಗೆ ಓದುತ್ತಾನೆ. ಕ್ವಾರ್ಟರ್ಸ್ ಬಿಡಬೇಕಾಯಿತು. ಬಾಡಿಗೆ ಮನೆಗಳ ಬಾಗಿಲಲ್ಲಿ ಮೊದಲು ಊರು ಕೇಳಿದರು, ಆಮೇಲೆ ಅಪ್ಪನ ಕೆಲಸ ಕೇಳಿದರು, ಆಮೇಲೆ ಮನೆ ಈಗಾಗಲೇ ಕೊಟ್ಟಾಗಿದೆ ಎಂದರು. ಅವನಿಗೆ ಧೈರ್ಯದ ಪಾಠ ಬೇಕಾಗಿಲ್ಲ. ಬೇಕಾದ್ದು ಇಷ್ಟು: ಅನುಕಂಪದ ಅರ್ಜಿ ಬಂದಾಗ ಜಾತಿ ಸರ್ಟಿಫಿಕೇಟಿಗೆ ಮೊದಲು ಅಂಕಪಟ್ಟಿ ಬಿಚ್ಚಿ ನೋಡಿ. ಕೆಲಸಕ್ಕೂ ಮನೆಗೂ ಹಾಕಿರುವ ಗಂಟು ಕತ್ತರಿಸಿ, ವಾಸವಿರುವವರ ಹೆಸರಿಗೇ ಹಕ್ಕುಪತ್ರ ಕೊಡಿ. ಪೌರಕಾರ್ಮಿಕರ ಸಂಬಳವನ್ನು ಎಲ್ಲ ಜಾತಿಯ ಹುಡುಗರೂ ಅರ್ಜಿ ಹಿಡಿದು ಸಾಲಿನಲ್ಲಿ ನಿಲ್ಲುವಷ್ಟು ಏರಿಸಿ, ಆ ಸಾಲಿನಲ್ಲಿ ನಿಲ್ಲದಿರುವ ಸ್ವಾತಂತ್ರ್ಯವನ್ನು ನಮ್ಮ ಮಕ್ಕಳಿಗೆ ಬಿಡಿ.