ಪ್ರೊಸೆಸರಿಗೆ ಹೆಚ್ಚು ವೋಲ್ಟೇಜು ಬೇಕೆ?

ಗಣಕಯಂತ್ರದ ಪ್ರೊಸೆಸರನ್ನು ತಯಾರಕರು ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ದುಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂತಹ ಊರುಗಳಲ್ಲಿ ಬಿಡಿಭಾಗಗಳನ್ನು ಕೊಂಡು ತಾನೇ ಯಂತ್ರವನ್ನು ಜೋಡಿಸಿಕೊಳ್ಳುವ ವಿದ್ಯಾರ್ಥಿಗೆ ಈ ಹವ್ಯಾಸವು ಆಕರ್ಷಕವಾಗಿ ತೋರುವುದು ಸಹಜ. ವೇಗದ ಆಸೆಯನ್ನು ನಾವು ಹಳಿಯುವವರಲ್ಲ. ಆದರೆ ಅದಕ್ಕಾಗಿ ವೋಲ್ಟೇಜನ್ನು ಏರಿಸುವ ಕ್ರಮವು ನಮ್ಮ ಬಯಲುಸೀಮೆಯ ವಿದ್ಯಾರ್ಥಿಗೆ ತಕ್ಕುದಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ.

ವೋಲ್ಟೇಜನ್ನು ಏರಿಸುವುದೇಕೆ? ಹೆಚ್ಚು ವೋಲ್ಟೇಜು ದೊರೆತರೆ ಟ್ರಾನ್ಸಿಸ್ಟರು ಬೇಗ ತೆರೆದು ಬೇಗ ಮುಚ್ಚಿಕೊಳ್ಳುತ್ತದೆ. ಇದ್ದ ವೋಲ್ಟೇಜಿನಲ್ಲಿಯೇ ಗಡಿಯಾರದ ಮಿಡಿತವನ್ನು ಮಿತಿಮೀರಿ ಹೆಚ್ಚಿಸಿದರೆ ಲೆಕ್ಕ ತಪ್ಪುತ್ತದೆ, ಯಂತ್ರ ಸ್ತಬ್ಧವಾಗುತ್ತದೆ. ಆಗ ಬಯೋಸ್ ಪರದೆಯಲ್ಲಿ ಒಂದು ಅಂಕಿಯನ್ನು ತಿದ್ದಿದರೆ ಸಾಕು, ಎಲ್ಲವೂ ಸರಿಹೋದಂತೆ ಕಾಣುತ್ತದೆ.

ಈ ತಿದ್ದುಪಡಿಯ ಬೆಲೆಯನ್ನು ಎಣಿಸಿ ನೋಡೋಣ. ಟ್ರಾನ್ಸಿಸ್ಟರುಗಳ ತೆರೆದುಮುಚ್ಚುವಿಕೆಗೆ ವೆಚ್ಚವಾಗುವ ವಿದ್ಯುಚ್ಛಕ್ತಿಯು ಮಿಡಿತಕ್ಕೆ ನೇರ ಪ್ರಮಾಣದಲ್ಲಿಯೂ, ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಇರುತ್ತದೆ. ಮಿಡಿತವನ್ನು ೪ ಗಿಗಾಹರ್ಟ್ಸ್‌ನಿಂದ ೪.೪ಕ್ಕೂ, ವೋಲ್ಟೇಜನ್ನು ೧.೨ರಿಂದ ೧.೩೫ಕ್ಕೂ ಏರಿಸಿದೆವೆನ್ನಿ. ವೇಗದಲ್ಲಿ ದೊರೆತ ಲಾಭ ನೂರಕ್ಕೆ ಹತ್ತು. ಶಾಖದಲ್ಲಿ ಆದ ಹೆಚ್ಚಳ ನೂರಕ್ಕೆ ಮೂವತ್ತೊಂಬತ್ತು! ಇದಕ್ಕಿಂತ ದುಬಾರಿಯಾದ ಸಾಲವನ್ನು ಯಾವ ಸಾಹುಕಾರನೂ ಕೊಟ್ಟಿರಲಾರ. ಬೀಸಣಿಗೆಯು ಶಾಖವನ್ನು ಕೋಣೆಯ ಗಾಳಿಗೆ ದಾಟಿಸಬಲ್ಲದೇ ಹೊರತು, ಆ ಗಾಳಿಗಿಂತ ತಂಪಾಗಿ ಪ್ರೊಸೆಸರನ್ನು ಇಡಲಾರದು. ೨೪ ಡಿಗ್ರಿಯ ತಂಪು ಕೋಣೆಯಲ್ಲಿ ೮೦ ಡಿಗ್ರಿಗೆ ನಿಲ್ಲುವ ಯಂತ್ರವು ೩೮ ಡಿಗ್ರಿಯ ಹಿರಿಯೂರಿನ ಬೇಸಿಗೆ ಮಧ್ಯಾಹ್ನದಲ್ಲಿ ೯೪ಕ್ಕೆ ಸಮೀಪಿಸುತ್ತದೆ.

ಹಿರಿಯೂರೆಂದಾಗ ವಾಣಿವಿಲಾಸ ಸಾಗರವು ನೆನಪಾಗದಿರದು. ೧೯೦೭ರಲ್ಲಿ ಕಟ್ಟಿ ಮುಗಿದ ಆ ಜಲಾಶಯ ೧೯೩೩ರಲ್ಲಿ ಕೋಡಿಬಿದ್ದಿತು. ಮತ್ತೆ ಕೋಡಿಬಿದ್ದುದು ೨೦೨೨ರಲ್ಲಿ. ಅಷ್ಟು ಅಪರೂಪವಾದರೂ, ಹೆಚ್ಚಾದ ನೀರು ಕಟ್ಟೆಗೆ ಅಪಾಯವಿಲ್ಲದೆ ಹರಿದುಹೋಗಲು ದಾರಿಯನ್ನಂತೂ ಇಟ್ಟೇ ಕಟ್ಟಿದ್ದರು. ಪ್ರೊಸೆಸರಿನಲ್ಲಿಯೂ ಶಾಖಕ್ಕೆ ಇಂತಹ ಕೋಡಿಯುಂಟು: ಸುಮಾರು ೧೦೦ ಡಿಗ್ರಿ ಮುಟ್ಟುತ್ತಲೇ ಅದು ತಾನಾಗಿ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಕೈಯಿಂದ ಏರಿಸಿದ ವೋಲ್ಟೇಜಿಗೆ ಅಂತಹ ನೆಚ್ಚಬಹುದಾದ ಕೋಡಿಯಿಲ್ಲ. "ತಾಪಮಾನ ಸರಿಯಾಗಿಯೇ ಇದೆಯಲ್ಲ" ಎಂದು ಸಮಾಧಾನಪಡುವವರು ಮರೆಯುವುದು ಇದನ್ನೇ.

ಟ್ರಾನ್ಸಿಸ್ಟರಿನ ದ್ವಾರದ ಕೆಳಗಿರುವ ನಿರೋಧಕ ಪದರದ ದಪ್ಪ ಎರಡು ನ್ಯಾನೋಮೀಟರಿನ ಆಸುಪಾಸು. ಅದರ ಮೇಲೆ ೧.೨ ವೋಲ್ಟ್ ಬಿದ್ದರೆ ಮೀಟರಿಗೆ ೬೦ ಕೋಟಿ ವೋಲ್ಟಿನ ಕ್ಷೇತ್ರವಾಗುತ್ತದೆ. ಗಾಳಿಯಾದರೋ ಮೀಟರಿಗೆ ೩೦ ಲಕ್ಷ ವೋಲ್ಟಿಗೇ ಕಿಡಿಕಾರುತ್ತದೆ. ಇಷ್ಟೊಂದು ಒತ್ತಡದಲ್ಲಿರುವ ಪದರಕ್ಕೆ ಇನ್ನೂ ಕೊಂಚ ವೋಲ್ಟೇಜು ಸೇರಿಸಿದರೆ ಅದರ ಆಯುಸ್ಸು ಕೊಂಚವಲ್ಲ, ಬಹಳವೇ ಕುಗ್ಗುತ್ತದೆ. ಇತ್ತ ಸೂಕ್ಷ್ಮ ತಂತಿಗಳಲ್ಲಿ ಎಲೆಕ್ಟ್ರಾನುಗಳ ಪ್ರವಾಹವು ಲೋಹದ ಪರಮಾಣುಗಳನ್ನೇ ತಳ್ಳಿಕೊಂಡು ಹೋಗುತ್ತದೆ; ಶಾಖ ಹೆಚ್ಚಿದಷ್ಟೂ ಈ ಸವೆತವೂ ಹೆಚ್ಚು. ಹೊಗೆಯಿಲ್ಲ, ವಾಸನೆಯಿಲ್ಲ. ಕೆಲವು ತಿಂಗಳ ಬಳಿಕ ಯಂತ್ರವು ಹಿಂದಿನ ವೇಗದಲ್ಲಿಯೂ ತಡವರಿಸತೊಡಗುತ್ತದೆ.

ಇದು ಹವ್ಯಾಸಿಗಳಿಗೆ ಮಾತ್ರ ಬಂದ ಪಾಡೂ ಅಲ್ಲ. ೨೦೨೩ರಲ್ಲಿ ಎಎಂಡಿಯ ಕೆಲವು ರೈಜೆನ್ ಪ್ರೊಸೆಸರುಗಳು ಮದರ್‌ಬೋರ್ಡಿನಲ್ಲಿಯೇ ಸುಟ್ಟಾಗ, ಅವುಗಳ ಒಂದು ವೋಲ್ಟೇಜಿಗೆ ೧.೩ರ ಮಿತಿಯನ್ನು ವಿಧಿಸಬೇಕಾಯಿತು. ೨೦೨೪ರಲ್ಲಿ ಇಂಟೆಲ್ ತನ್ನ ೧೩ ಮತ್ತು ೧೪ನೆಯ ತಲೆಮಾರಿನ ಪ್ರೊಸೆಸರುಗಳು ಅತಿಯಾದ ವೋಲ್ಟೇಜನ್ನು ತಾವೇ ಬೇಡಿ ಕೆಡುತ್ತಿದ್ದುದನ್ನು ಒಪ್ಪಿ, ೧.೫೫ ವೋಲ್ಟಿನ ಮಿತಿ ಹಾಕಿತು. ಆಗಲೇ ಕೆಟ್ಟಿದ್ದವನ್ನು ಆ ತಿದ್ದುಪಡಿಯೂ ಸರಿಪಡಿಸಲಾರದಾಯಿತು. ಕಂಪನಿಗಾದರೆ ಬದಲಿ ಕೊಡುವ ಶಕ್ತಿಯುಂಟು. ತಂದೆತಾಯಿಗಳು ಕಷ್ಟದಿಂದ ಕೊಡಿಸಿದ ಒಂದೇ ಯಂತ್ರವಿರುವ ಮನೆಯಲ್ಲಿ, ವೋಲ್ಟೇಜು ಏರಿಸಿದ ಕಾರಣಕ್ಕೆ ವಾರಂಟಿಯೂ ತಪ್ಪಿದರೆ ಮುಂದೇನು?

ಪ್ರಯೋಗದ ಹಂಬಲವುಳ್ಳವರಿಗೆ ಎದುರು ದಿಕ್ಕಿನ ದಾರಿಯೊಂದನ್ನು ಸೂಚಿಸುತ್ತೇವೆ. ಮದರ್‌ಬೋರ್ಡು ಅವಕಾಶವಿತ್ತರೆ ವೇಗವನ್ನು ಹಾಗೆಯೇ ಬಿಟ್ಟು, ವೋಲ್ಟೇಜನ್ನು ನೂರನೆಯ ಒಂದು ವೋಲ್ಟಿನಷ್ಟೇ ಮೆಲ್ಲಮೆಲ್ಲನೆ ಇಳಿಸುತ್ತ, ಪ್ರತಿ ಹೆಜ್ಜೆಯಲ್ಲಿಯೂ ತಾಪಮಾನವನ್ನು ಬರೆದಿಡಿರಿ. ೧.೨೫ ವೋಲ್ಟ್ ೧.೧೫ಕ್ಕೆ ಇಳಿದರೆ ಶಾಖವು ನೂರಕ್ಕೆ ಹದಿನೈದರಷ್ಟು ತಗ್ಗಬೇಕು. ತೀರ ಕೆಳಗೆ ಇಳಿಸಿದರೆ ಯಂತ್ರ ನಿಂತೀತು, ಉಳಿಸದ ಕಡತ ಹೋದೀತು. ಆದುದರಿಂದ ಮುಖ್ಯವಾದ ಕಡತಗಳನ್ನು ಮೊದಲೇ ಬೇರೆಡೆ ನಕಲುಮಾಡಿ ಇಟ್ಟುಕೊಳ್ಳಿರಿ. ಹಳೆಯ ಅಂಕಿಯನ್ನು ಮರಳಿಸಿದರೆ ಪ್ರೊಸೆಸರು ಮತ್ತೆ ಮೊದಲಿನಂತೆಯೇ ಇರುತ್ತದೆ.