ಕೃತಕ ಬುದ್ಧಿಮತ್ತೆಗೆ ಕಡಿವಾಣ: ಸರಕಾರವೂ ಅದಕ್ಕೆ ಒಳಪಡಲಿ

ಪ್ರವಾದಿ ಮುಹಮ್ಮದ್(ಸ) ಅವರು ಒಮ್ಮೆ ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿ ನೋಡಿದ ಪ್ರಸಂಗವನ್ನು ನಮ್ಮ ಮದ್ರಸಗಳ ಪುಟ್ಟ ಮಕ್ಕಳೂ ಬಲ್ಲರು. ಮೇಲೆ ಒಣಗಿದ್ದ ರಾಶಿಯ ಒಳಗೆ ತೇವವಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಸಮಜಾಯಿಷಿ ನೀಡಿದಾಗ, ನೆನೆದ ಭಾಗವನ್ನು ಜನರಿಗೆ ಕಾಣುವಂತೆ ಮೇಲಿಡಬೇಕಿತ್ತೆಂದು ಅವರು ತಿದ್ದಿದರು. ವಂಚನೆಯ ಕುರಿತು ಕಠಿಣ ಎಚ್ಚರಿಕೆಯನ್ನೂ ನೀಡಿದರು.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಎರಡು ಅಂಶಗಳಿವೆ. ಒಂದನೆಯದಾಗಿ, ತಪ್ಪಿದ್ದದ್ದು ಧಾನ್ಯ ನೆನೆದುದರಲ್ಲಲ್ಲ, ಅದನ್ನು ಮರೆಮಾಚಿದುದರಲ್ಲಿ. ಎರಡನೆಯದಾಗಿ, ಮಾರುಕಟ್ಟೆಯ ಪ್ರಾಮಾಣಿಕತೆಯನ್ನು ವ್ಯಾಪಾರಿಯ ಮನಸ್ಸಾಕ್ಷಿಗೆ ಮಾತ್ರ ಬಿಟ್ಟುಬಿಡಲಿಲ್ಲ. ಆಡಳಿತದ ಹೊಣೆ ಹೊತ್ತವರೇ ರಾಶಿಯೊಳಗೆ ಕೈಯಿಟ್ಟು ಪರೀಕ್ಷಿಸಿದರು. ಮುಂದೆ ಇಸ್ಲಾಮೀ ನಗರಗಳಲ್ಲಿ ತೂಕ, ಅಳತೆ, ಕಲಬೆರಕೆಗಳನ್ನು ಪರಿಶೀಲಿಸುವ ಮುಹ್ತಸಿಬ್ ಎಂಬ ಅಧಿಕಾರಿಯ ಹುದ್ದೆ ರೂಪುಗೊಂಡದ್ದು ಇದೇ ತತ್ವದ ಮೇಲೆ.

ಇಂದು ಜಗತ್ತಿನೆಲ್ಲೆಡೆ ಒಂದು ಚರ್ಚೆ ನಡೆಯುತ್ತಿದೆ. ಕೃತಕ ಬುದ್ಧಿಮತ್ತೆ, ಅಂದರೆ ಎಐ, ನೈತಿಕ ಚೌಕಟ್ಟಿನೊಳಗೆ ಬಳಕೆಯಾಗುವಂತೆ ಸರಕಾರಗಳು ಕಾನೂನು ರೂಪಿಸಬೇಕೇ, ಬೇಡವೇ? ಬೇಕು ಎಂಬುದೇ ನನ್ನ ಉತ್ತರ. ಆದರೆ ಆ ಕಾನೂನು ಕಂಪೆನಿಗಳನ್ನು ಮಾತ್ರ ಕಟ್ಟಿಹಾಕಿ, ಅದೇ ಯಂತ್ರವನ್ನು ಬಳಸುವ ಸರಕಾರವನ್ನು ಹೊರಗಿಟ್ಟರೆ, ಅದು ನ್ಯಾಯದ ತಕ್ಕಡಿಯಾಗದು.

ನಿಯಂತ್ರಣವೆಂದರೆ ಪ್ರಗತಿಗೆ ಅಡ್ಡಿ ಎಂದು ವಾದಿಸುವವರಿದ್ದಾರೆ. ನಮ್ಮ ಇನ್ನಂಜೆಯ ನೆರೆಯ ಶಂಕರಪುರದ ಮಲ್ಲಿಗೆಯನ್ನೇ ನೋಡಿರಿ. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕ ಬೆಳೆಗಾರನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ದಿನದ ದರವೂ ಎಲ್ಲರಿಗೂ ತಿಳಿಯುತ್ತದೆ. ಈ ಲೆಕ್ಕದಿಂದ ಮಲ್ಲಿಗೆಯ ವ್ಯಾಪಾರ ಕುಸಿಯಲಿಲ್ಲ, ನಂಬಿಕೆ ಬೆಳೆಯಿತು. ಕಾಪುವಿನ ದಿನಸಿ ಅಂಗಡಿಯ ತಕ್ಕಡಿಗೆ ಕಾನೂನು ಮಾಪನ ಇಲಾಖೆಯವರು ಮುದ್ರೆ ಹಾಕುತ್ತಾರೆ. ಅದರಿಂದ ಅಂಗಡಿ ಮುಚ್ಚಿತೆಂದು ಯಾರೂ ದೂರಿಲ್ಲ. ಅಕ್ಕಿ ತೂಗುವ ತಕ್ಕಡಿಗೆ ಮುದ್ರೆ ಬೇಕೆನ್ನುವ ನಾವು, ಮನುಷ್ಯರನ್ನೇ ತೂಗುವ ಯಂತ್ರಕ್ಕೆ ಮುದ್ರೆ ಬೇಡವೆನ್ನಲು ಸಾಧ್ಯವೇ?

ಎಐ ಎಂಬುದು ಮನುಷ್ಯರನ್ನು ತೂಗುವ ಯಂತ್ರವೇ ಸರಿ. ಹಿಂದಿನ ಲಕ್ಷಾಂತರ ದಾಖಲೆಗಳನ್ನು ಅರೆದು, ಅವುಗಳಲ್ಲಿನ ಹೋಲಿಕೆಗಳನ್ನು ಗುರುತಿಸಿ, ಮುಂದೆ ಹೀಗಿರಬಹುದೆಂದು ಅದು ಅಂದಾಜಿಸುತ್ತದೆ. ಸತ್ಯವನ್ನು ಅರಿಯುವ ಶಕ್ತಿ ಅದಕ್ಕಿಲ್ಲ. ಹಳೆಯ ದಾಖಲೆಗಳಲ್ಲಿ ಪೂರ್ವಗ್ರಹವಿದ್ದರೆ ಹೊಸ ತೀರ್ಪಿನಲ್ಲೂ ಅದೇ ಪೂರ್ವಗ್ರಹವಿರುತ್ತದೆ. ವ್ಯತ್ಯಾಸ ಇಷ್ಟೇ: ಗುಮಾಸ್ತನ ಪೂರ್ವಗ್ರಹವನ್ನು ಪ್ರಶ್ನಿಸಬಹುದು, ಕಂಪ್ಯೂಟರ್ ಪರದೆಯ ಮೇಲೆ ಮೂಡಿದ್ದನ್ನು ಜನರು ವಿಧಿಲಿಖಿತವೆಂಬಂತೆ ಒಪ್ಪಿಕೊಳ್ಳುತ್ತಾರೆ.

ಮೊದಲು ಖಾಸಗಿ ಬಳಕೆಯ ಅಪಾಯವನ್ನು ನೋಡೋಣ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲೂಕಿನ ಮುರ್ಕಿಯಲ್ಲಿ ಹೈದರಾಬಾದ್‌ನ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರನ್ನು ಜನರ ಗುಂಪು ಹೊಡೆದು ಕೊಂದಿತು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅವರ ತಂಡದ ಅಪರಾಧವಾಗಿತ್ತು. ಮಕ್ಕಳ ಕಳ್ಳರೆಂಬ ವದಂತಿ ವಾಟ್ಸ್‌ಆ್ಯಪ್‌ನಲ್ಲಿ ಅವರಿಗಿಂತ ಮೊದಲೇ ಮುಂದಿನ ಊರನ್ನು ತಲುಪಿತ್ತು. ಇಂತಹ ಸಾಲು ಸಾಲು ಹತ್ಯೆಗಳ ಬಳಿಕ, ಸರಕಾರದ ಒತ್ತಡ ಹೆಚ್ಚಿದಾಗ, ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ರವಾನಿಸದಂತೆ ಕಂಪೆನಿಯು ಭಾರತದಲ್ಲಿ ಮಿತಿ ಹೇರಿತು. ಅಂದು ವದಂತಿ ಹರಡಿದವರ ಕೈಯಲ್ಲಿದ್ದದ್ದು ಸಾಮಾನ್ಯ ಮೊಬೈಲ್ ಮಾತ್ರ. ಇಂದು ಅದೇ ಮೊಬೈಲಿನಲ್ಲಿ ಯಾರ ಮುಖವನ್ನಾದರೂ, ಯಾರ ಧ್ವನಿಯನ್ನಾದರೂ ಕೃತಕವಾಗಿ ಸೃಷ್ಟಿಸಬಹುದು. ಒಂದು ಮಾತಿಗೆ ಊರೇ ಹೊತ್ತಿ ಉರಿಯಬಹುದಾದ ನಮ್ಮ ಕರಾವಳಿಯಲ್ಲಿ ಇದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ.

ಹೆಣ್ಣುಮಕ್ಕಳ ಮಾನದ ಪ್ರಶ್ನೆ ಇನ್ನೂ ಗಂಭೀರವಾದುದು. 2021ರ ಜುಲೈಯಲ್ಲಿ ಮತ್ತು 2022ರ ಜನವರಿಯಲ್ಲಿ ಮುಸ್ಲಿಮ್ ಮಹಿಳೆಯರ ಭಾವಚಿತ್ರಗಳನ್ನು ಕದ್ದು ಆ್ಯಪ್‌ಗಳಲ್ಲಿ ಹರಾಜಿಗಿಟ್ಟ ನೀಚ ಕೃತ್ಯವನ್ನು ನಾವು ಮರೆತಿಲ್ಲ. ಅದಕ್ಕೆ ಎಐ ಬೇಕಾಗಿರಲಿಲ್ಲ. 2023ರ ನವೆಂಬರ್‌ನಲ್ಲಿ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬರ ದೇಹಕ್ಕೆ ಜೋಡಿಸಿದ ವೀಡಿಯೊ ಹರಿದಾಡಿದಾಗ ದೇಶ ಎಚ್ಚೆತ್ತಿತು. ಖ್ಯಾತ ನಟಿಯ ಪರವಾಗಿ ಪೊಲೀಸರು ತನಿಖೆ ನಡೆಸಿದರು. ಕಾಲೇಜಿಗೆ ಹೋಗುವ ಸಾಮಾನ್ಯ ಹುಡುಗಿಯ ಪಾಲಿಗೆ ಯಾರಿದ್ದಾರೆ?

ಈ ನಿಟ್ಟಿನಲ್ಲಿ ಕೇಂದ್ರ ಸರಕಾರವು ಮಾಹಿತಿ ತಂತ್ರಜ್ಞಾನ ನಿಯಮಗಳಿಗೆ ತಂದ ತಿದ್ದುಪಡಿ ಸ್ವಾಗತಾರ್ಹ. 2026ರ ಫೆಬ್ರವರಿ 20ರಿಂದ ಜಾರಿಗೆ ಬಂದ ಈ ನಿಯಮಗಳ ಪ್ರಕಾರ, ಯಂತ್ರದಿಂದ ಸೃಷ್ಟಿಸಿದ ಚಿತ್ರ, ಧ್ವನಿ, ದೃಶ್ಯಗಳಿಗೆ ಅವು ಕೃತಕವೆಂಬ ಗುರುತು ಇರಲೇಬೇಕು. ನೆನೆದ ಧಾನ್ಯವನ್ನು ಮೇಲಿಡಬೇಕೆಂಬ ತತ್ವವೂ ಇದೇ ಅಲ್ಲವೇ? ಚಿತ್ರ ರಚಿಸುವುದನ್ನು ಯಾರೂ ತಡೆದಿಲ್ಲ, ಕೃತಕವಾದುದನ್ನು ನೈಜವೆಂದು ಮಾರುವುದನ್ನು ತಡೆಯಲಾಗಿದೆ.

ಆದರೆ ಚರ್ಚೆ ಇಲ್ಲಿಗೇ ನಿಂತುಬಿಡುತ್ತದೆ ಎಂಬುದು ನನ್ನ ಆಕ್ಷೇಪ. ಈ ನಿಯಮಗಳೆಲ್ಲವೂ ಸಾಮಾಜಿಕ ಮಾಧ್ಯಮ ಕಂಪೆನಿಗಳಿಗೆ ಸಂಬಂಧಿಸಿದವು. ಸರಕಾರಿ ಇಲಾಖೆಯೊಂದು ಯಂತ್ರದ ಲೆಕ್ಕವನ್ನು ನಂಬಿ ಬಡವನ ಅನ್ನಕ್ಕೆ ಕೈ ಹಾಕಿದರೆ ಏನು ಗತಿ?

ಇದು ಊಹೆಯ ಮಾತಲ್ಲ. ನೆರೆಯ ತೆಲಂಗಾಣದಲ್ಲಿ ಸಮಗ್ರ ವೇದಿಕಾ ಎಂಬ ವ್ಯವಸ್ಥೆಯು ವಿವಿಧ ಇಲಾಖೆಗಳ ದಾಖಲೆಗಳನ್ನು ಜೋಡಿಸಿ, ಹೆಸರು ವಿಳಾಸಗಳನ್ನು ಹೋಲಿಸಿ, ಯಾರು ಬಡವರು ಯಾರು ಅಲ್ಲ ಎಂದು ಹೇಳುತ್ತದೆ. 2014ರಿಂದ 2019ರ ನಡುವೆ ಆ ರಾಜ್ಯದಲ್ಲಿ 18 ಲಕ್ಷಕ್ಕೂ ಹೆಚ್ಚು ಪಡಿತರ ಚೀಟಿಗಳು ರದ್ದಾದವು. ಮನೆಮನೆಗೆ ಹೋಗಿ ನೋಡಿದವರಿಲ್ಲ, ಮುಂಚಿತವಾಗಿ ನೋಟಿಸು ಕೊಟ್ಟವರಿಲ್ಲ. ಹೈದರಾಬಾದ್‌ನ ಬಡ ವಿಧವೆಯೊಬ್ಬರಿಗೆ ಪಡಿತರ ನಿಂತುಹೋದದ್ದು ಅವರ ಪತಿಗೆ ಕಾರಿದೆಯೆಂದು ಯಂತ್ರ ಹೇಳಿದ್ದರಿಂದ. ಆ ಪತಿ ರಿಕ್ಷಾ ಎಳೆದು ಬದುಕಿದವರು. ಕಾರಿನ ಒಡೆಯ ಅವರದೇ ಹೆಸರನ್ನು ಹೋಲುವ ಹೆಸರಿನ ಬೇರೊಬ್ಬ ವ್ಯಕ್ತಿ! ರದ್ದಾದ ಚೀಟಿಗಳನ್ನು ಮತ್ತೆ ಪರಿಶೀಲಿಸುವಂತೆ 2022ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ ಮೇಲೆ, ಅರ್ಹರಾಗಿದ್ದೂ ಚೀಟಿ ಕಳೆದುಕೊಂಡಿದ್ದ ಸಾವಿರಾರು ಕುಟುಂಬಗಳು ಪತ್ತೆಯಾದವು.

ಹೆಸರಿನ ಹೋಲಿಕೆ ಎಂಬುದು ನಮ್ಮ ಸಮುದಾಯದ ಮಟ್ಟಿಗೆ ಸಣ್ಣ ಸಂಗತಿಯಲ್ಲ. ಮುಹಮ್ಮದ್, ಮೊಹಮ್ಮದ್, ಮಹಮ್ಮದ್ ಎಂದು ಒಂದೇ ಹೆಸರನ್ನು ಮೂರು ಬಗೆಯಲ್ಲಿ ಬರೆಯುತ್ತೇವೆ. ಶಾಲೆಯ ದಾಖಲೆಯಲ್ಲಿ ಫಾತಿಮಾ, ಆಧಾರ್‌ನಲ್ಲಿ ಫಾತಿಮತ್, ಪಡಿತರ ಚೀಟಿಯಲ್ಲಿ ಪಾತುಮ್ಮ. ಒಂದೇ ಜಮಾಅತ್‌ನಲ್ಲಿ ಅಬ್ದುಲ್ ಖಾದರ್ ಎಂಬ ಹೆಸರಿನವರು ಹತ್ತು ಮಂದಿ ಇರಬಹುದು. ಮನೆಹೆಸರು ಹೇಳಿದರೆ ಊರಿನವರಿಗೆ ಗುರುತು ಸಿಗುತ್ತದೆ, ಯಂತ್ರಕ್ಕೆ ಸಿಗದು. ಅದು ಒಬ್ಬನನ್ನು ಮೂವರೆಂದೂ, ಮೂವರನ್ನು ಒಬ್ಬನೆಂದೂ ಎಣಿಸಿಬಿಡಬಹುದು.

ನಮ್ಮ ರಾಜ್ಯವೂ ಇದರ ಸೂಚನೆಯನ್ನು ಕಂಡಿದೆ. 2024ರ ನವೆಂಬರ್‌ನಲ್ಲಿ ಅನರ್ಹರದೆಂದು ಗುರುತಿಸಿ ಬಿಪಿಎಲ್ ಕಾರ್ಡ್‌ಗಳನ್ನು ರದ್ದುಪಡಿಸಿದಾಗ ಬಡವರಿಂದ ಕೂಗೆದ್ದಿತು. ಕೊನೆಗೆ ಸರಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿದಾರರನ್ನು ಬಿಟ್ಟು ಉಳಿದವರ ಕಾರ್ಡ್‌ಗಳನ್ನು ಮರಳಿಸುವುದಾಗಿ ಸರಕಾರ ಹೇಳಬೇಕಾಯಿತು. ಅದು ಎಐ ಅಲ್ಲದಿರಬಹುದು. ಆದರೆ ಮನೆಯ ಹೊಸ್ತಿಲು ತುಳಿಯದೆ ದಾಖಲೆಗಳಿಂದಲೇ ಬಡತನವನ್ನು ಅಳೆಯುವ ರೀತಿ ಅದೇ.

ಮುಂದುವರಿದ ದೇಶಗಳೂ ಇದಕ್ಕೆ ಹೊರತಲ್ಲ. ನೆದರ್ಲೆಂಡ್ಸ್‌ನ ತೆರಿಗೆ ಇಲಾಖೆಯು ಮಕ್ಕಳ ಪಾಲನೆಯ ಸಹಾಯಧನದಲ್ಲಿ ವಂಚಕರನ್ನು ಹುಡುಕಲು ಬಳಸಿದ ವ್ಯವಸ್ಥೆಯು ಅರ್ಜಿದಾರರ ಪೌರತ್ವವನ್ನೂ ಅನುಮಾನದ ಅಂಶವಾಗಿ ಪರಿಗಣಿಸಿತ್ತು. ಸಾವಿರಾರು ಕುಟುಂಬಗಳು, ಅವರಲ್ಲಿ ಅನೇಕರು ವಲಸೆಯ ಹಿನ್ನೆಲೆಯವರು, ಮಾಡದ ವಂಚನೆಗೆ ದಂಡ ತೆತ್ತು ಸಾಲದಲ್ಲಿ ಮುಳುಗಿದವು. 2021ರ ಜನವರಿಯಲ್ಲಿ ಅಲ್ಲಿನ ಸರಕಾರವೇ ರಾಜೀನಾಮೆ ನೀಡಿತು. ಯುರೋಪ್ ಒಕ್ಕೂಟದ ಎಐ ಕಾನೂನು 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ಜನರಿಗೆ ನಡತೆಯ ಅಂಕ ನೀಡಿ ಸವಲತ್ತು ಕಸಿಯುವುದನ್ನು ಅದು ನಿಷೇಧಿಸಿದೆ. ಆ ನಿಷೇಧ ಕಂಪೆನಿಗಳಿಗೆ ಹೇಗೋ ಸರಕಾರಗಳಿಗೂ ಹಾಗೆಯೇ ಅನ್ವಯಿಸುತ್ತದೆ.

ಮುಖಗುರುತು ತಂತ್ರಜ್ಞಾನದ ವಿಷಯವೂ ಹೀಗೆಯೇ. ಹೈದರಾಬಾದ್‌ನ ಸಾಮಾಜಿಕ ಕಾರ್ಯಕರ್ತ ಎಸ್.ಕ್ಯು. ಮಸೂದ್ ಅವರನ್ನು 2021ರಲ್ಲಿ ಪೊಲೀಸರು ರಸ್ತೆಯಲ್ಲಿ ತಡೆದು, ಅವರು ಒಪ್ಪದಿದ್ದರೂ ಭಾವಚಿತ್ರ ತೆಗೆದುಕೊಂಡರು. ಯಾವ ಕಾನೂನಿನಡಿ ಎಂದು ಅವರು ಹೈಕೋರ್ಟಿನ ಮೊರೆ ಹೋದರು. ಬೆಂಗಳೂರಿನಲ್ಲಿಯೂ ಸೇಫ್ ಸಿಟಿ ಯೋಜನೆಯಡಿ ಸಾವಿರಾರು ಕ್ಯಾಮೆರಾಗಳಿವೆ. ಅಪರಾಧಿಯನ್ನು ಹಿಡಿಯಲು ತಂತ್ರಜ್ಞಾನ ಬೇಡವೆಂದು ಯಾರೂ ಹೇಳುತ್ತಿಲ್ಲ. ಆದರೆ ಯಂತ್ರವು ತಪ್ಪು ಮುಖವನ್ನು ತೋರಿಸಿದರೆ ಲಾಕಪ್ಪಿನಲ್ಲಿ ಕಳೆದ ದಿನಗಳನ್ನು ಯಾರು ಹಿಂದಿರುಗಿಸುತ್ತಾರೆ?

ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ಸರಕಾರವು ನಾಗರಿಕನ ಖಾಸಗಿತನದೊಳಗೆ ಪ್ರವೇಶಿಸಬೇಕಾದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯಸಮ್ಮತ ಉದ್ದೇಶವಿರಬೇಕು, ಮಿತಿಯಿರಬೇಕು ಎಂಬುದು ಆ ತೀರ್ಪಿನ ಸಾರ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಭದ್ರತೆ ಮತ್ತು ಸಾರ್ವಜನಿಕ ಸುವ್ಯವಸ್ಥೆಯಂತಹ ಕಾರಣಗಳಿಗಾಗಿ ತನ್ನದೇ ಸಂಸ್ಥೆಗಳಿಗೆ ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೇ ಕೊಟ್ಟಿದೆ. ತಕ್ಕಡಿಗಳನ್ನು ಪರೀಕ್ಷಿಸುವವನು ತನ್ನ ತಕ್ಕಡಿಯನ್ನು ಮಾತ್ರ ಪರೀಕ್ಷೆಯಿಂದ ಹೊರಗಿಟ್ಟಂತಾಯಿತು.

ಹಾಗಿದ್ದರೆ ಇಂತಹ ಸರಕಾರದ ಕೈಗೇ ನಿಯಂತ್ರಣದ ಅಧಿಕಾರ ಕೊಡುವುದು ಸರಿಯೇ ಎಂದು ಕೇಳಬಹುದು. ಈ ಭಯ ನಿರಾಧಾರವಲ್ಲ. ಸುಳ್ಳು ಸುದ್ದಿ ತಡೆಗೆಂದು 2025ರ ಜೂನ್‌ನಲ್ಲಿ ನಮ್ಮ ರಾಜ್ಯದಲ್ಲಿ ಬೆಳಕಿಗೆ ಬಂದ ಕರಡು ಮಸೂದೆಯಲ್ಲಿ ಏಳು ವರ್ಷಗಳವರೆಗಿನ ಸೆರೆವಾಸದ ಪ್ರಸ್ತಾಪವಿತ್ತು. ಯಾವುದು ಸುಳ್ಳೆಂದು ನಿಗಾ ವಹಿಸುವ ಪ್ರಾಧಿಕಾರಕ್ಕೆ ಸಚಿವರೇ ಅಧ್ಯಕ್ಷರು! ಅಧಿಕಾರದಲ್ಲಿರುವ ಪಕ್ಷ ಯಾವುದೇ ಇರಲಿ, ತನ್ನ ವಿರುದ್ಧದ ಮಾತನ್ನು ಸುಳ್ಳೆನ್ನುವ ಪ್ರಲೋಭನೆ ಅದಕ್ಕಿರುತ್ತದೆ. ಆದರೆ ಕೆಟ್ಟ ಕಾನೂನಿಗೆ ಉತ್ತರ ಒಳ್ಳೆಯ ಕಾನೂನೇ ಹೊರತು ಕಾನೂನೇ ಇಲ್ಲದಿರುವುದಲ್ಲ. ಕಾನೂನಿಲ್ಲದ ಕಡೆ ಬಲಿಷ್ಠನಿಗೆ ನಷ್ಟವಿಲ್ಲ, ಪೆಟ್ಟು ಬೀಳುವುದು ದುರ್ಬಲನಿಗೆ.

ಆದುದರಿಂದ ನಾವು ಬೇಡಬೇಕಾದ ಕಾನೂನು ಹೇಗಿರಬೇಕೆಂಬುದು ಸ್ಪಷ್ಟವಿರಲಿ. ಯಾವ ಇಲಾಖೆ ಯಾವ ಕೆಲಸಕ್ಕೆ ಇಂತಹ ಯಂತ್ರವನ್ನು ಬಳಸುತ್ತಿದೆ ಎಂಬ ಪಟ್ಟಿ ಸಾರ್ವಜನಿಕವಾಗಿರಬೇಕು. ಯಂತ್ರ ಹೇಳಿತೆಂಬ ಒಂದೇ ಕಾರಣಕ್ಕೆ ಯಾರ ಪಡಿತರವೂ, ಪಿಂಚಣಿಯೂ, ವಿದ್ಯಾರ್ಥಿವೇತನವೂ ನಿಲ್ಲಬಾರದು. ಮೊದಲು ನೋಟಿಸು, ಬಳಿಕ ಹೊಣೆಗಾರ ಅಧಿಕಾರಿಯ ಪರಿಶೀಲನೆ, ಆಮೇಲಷ್ಟೇ ಕ್ರಮ. ಕಾರಣವನ್ನು ಸರಳ ಕನ್ನಡದಲ್ಲಿ ತಿಳಿಸಬೇಕು, ಮೇಲ್ಮನವಿ ತಾಲೂಕು ಕಚೇರಿಯಲ್ಲೇ ಸಾಧ್ಯವಾಗಬೇಕು. ಶಾಸನಸಭೆ ಅಂಗೀಕರಿಸಿದ ಕಾನೂನಿಲ್ಲದೆ ಪೊಲೀಸರು ಮುಖಗುರುತು ಬಳಸಬಾರದು. ಇವೆಲ್ಲವನ್ನೂ ನೋಡಿಕೊಳ್ಳುವ ಪ್ರಾಧಿಕಾರವು ಸಚಿವರ ಅಧೀನದಲ್ಲಿರದೆ ಸ್ವತಂತ್ರವಾಗಿರಬೇಕು.

ಇದರ ಜೊತೆಗೆ ನಮ್ಮ ಮೇಲೂ ಹೊಣೆಗಾರಿಕೆಯಿದೆ. ಸುದ್ದಿ ಬಂದರೆ ಪರಿಶೀಲಿಸಿರೆಂಬ ಸೂರಃ ಅಲ್ ಹುಜುರಾತ್‌ನ ಪಾಠವನ್ನು ಮಿಂಬರಿನಿಂದ ಕೇಳಿ, ಮಸೀದಿಯ ಅಂಗಳದಲ್ಲೇ ಪರಿಶೀಲಿಸದ ವೀಡಿಯೊವನ್ನು ರವಾನಿಸುವವನು ಸರಕಾರವನ್ನು ದೂರುವ ನೈತಿಕ ಹಕ್ಕನ್ನು ಕಳೆದುಕೊಳ್ಳುತ್ತಾನೆ. ಜಮಾಅತ್ ಸಮಿತಿಗಳು ರಜಾದಿನದಲ್ಲಿ ಒಂದೆರಡು ಗಂಟೆ ಮೀಸಲಿಟ್ಟು, ಪ್ರತಿ ಮನೆಯ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪುಸ್ತಕ, ಶಾಲಾ ದಾಖಲೆಗಳಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ನೋಡಿ ತಿದ್ದಿಸಲು ನೆರವಾಗಲಿ. ಓದು ಬಲ್ಲ ಯುವಕರು ಇದಕ್ಕೆ ಮುಂದಾಗಲಿ. ಕಾರ್ಡ್ ರದ್ದಾದ ನೆರೆಯವನು ಯಾವ ಧರ್ಮದವನೇ ಆಗಿರಲಿ, ಅವನಿಗಾಗಿ ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಡುವುದೂ ಪುಣ್ಯದ ಕೆಲಸವೇ.

ಖಲೀಫ ಉಮರ್(ರ) ಅವರು ಮಿಂಬರಿನ ಮೇಲೆ ನಿಂತಿದ್ದಾಗ, ಎಲ್ಲರಿಗೂ ಒಂದೊಂದೇ ತುಂಡು ಬಟ್ಟೆ ಸಿಕ್ಕಿರುವಾಗ ನಿಮ್ಮ ಉಡುಪಿಗೆ ಅಷ್ಟು ಬಟ್ಟೆ ಎಲ್ಲಿಂದ ಬಂತೆಂದು ಸಭಿಕರೊಬ್ಬರು ಕೇಳಿದ ಪ್ರಸಂಗ ಪ್ರಸಿದ್ಧವಾದುದು. ಖಲೀಫರು ಕೋಪಿಸಿಕೊಳ್ಳಲಿಲ್ಲ. ತನ್ನ ಪಾಲನ್ನು ತಂದೆಗೆ ಕೊಟ್ಟೆನೆಂದು ಮಗ ಅಬ್ದುಲ್ಲಾ(ರ) ಎದ್ದು ನಿಂತು ಲೆಕ್ಕ ಹೇಳಿದರು. ಅದರ ನಂತರವೇ ಸಭೆ ಖಲೀಫರ ಮಾತಿಗೆ ಕಿವಿಗೊಟ್ಟಿತು. ಕಂಪೆನಿಗಳಿಂದ ಲೆಕ್ಕ ಕೇಳುವ ಅಧಿಕಾರ ನಮ್ಮ ಸರಕಾರಗಳಿಗೆ ಖಂಡಿತ ಇರಲಿ. ಆದರೆ ಮೊದಲು ತಮ್ಮ ಯಂತ್ರಗಳ ಲೆಕ್ಕವನ್ನು ಪಡಿತರ ಅಂಗಡಿಯ ಸರತಿಯಲ್ಲಿ ನಿಂತ ಆ ವಿಧವೆಯ ಮುಂದೆ ಇಡಲಿ.